ವೈಮಾನಿಕ ಚಿತ್ರಗಳಿಂದ ನೆಲದ ಎತ್ತರ: ಘಟಪ್ರಭಾ ದಂಡೆಯಲ್ಲಿ ಉಚಿತ ತಂತ್ರಾಂಶಗಳ ಬಳಕೆ

ಒಂದೇ ನೆಲವನ್ನು ಬೇರೆ ಬೇರೆ ಸ್ಥಾನಗಳಿಂದ ಸೆರೆಹಿಡಿದ ಚಿತ್ರಗಳನ್ನು ಹೋಲಿಸಿ ಅದರ ಉದ್ದ, ಅಗಲ, ಎತ್ತರಗಳನ್ನು ಲೆಕ್ಕಹಾಕುವ ವಿಧಾನವೇ ಫೋಟೊಗ್ರಾಮೆಟ್ರಿ. 2019ರ ಆಗಸ್ಟ್‌ನಲ್ಲಿ ಗೋಕಾಕ ಪಟ್ಟಣಕ್ಕೆ ನುಗ್ಗಿದಂಥ ನೆರೆಯಲ್ಲಿ ಯಾವ ಓಣಿ ಮುಳುಗುತ್ತದೆ, ಯಾವುದು ಉಳಿಯುತ್ತದೆ ಎಂಬುದು ಘಟಪ್ರಭಾ ನದಿದಂಡೆಯ ಒಂದೆರಡು ಅಡಿಗಳ ಏರಿಳಿತವನ್ನು ಅವಲಂಬಿಸಿದೆ. ಅಂಥ ಏರಿಳಿತವನ್ನು ಕಡಿಮೆ ವೆಚ್ಚದಲ್ಲಿ ಅಳೆಯಲು ಡ್ರೋನ್ ಚಿತ್ರಗಳೂ ಉಚಿತ ತಂತ್ರಾಂಶಗಳೂ ನೆರವಾಗುತ್ತವೆ.

ಓಪನ್‌ಡ್ರೋನ್‌ಮ್ಯಾಪ್, ಫ್ರಾನ್ಸಿನಲ್ಲಿ ರೂಪುಗೊಂಡ ಮಿಕ್‌ಮ್ಯಾಕ್, ಕೋಲ್‌ಮ್ಯಾಪ್ ಇವು ಮುಕ್ತ ತಂತ್ರಾಂಶಗಳು. ಇವು ಮೊದಲು ಚಿತ್ರಗಳ ನಡುವೆ ಸಮಾನ ಗುರುತುಗಳನ್ನು ಹುಡುಕುತ್ತವೆ. ಅವುಗಳ ಆಧಾರದಿಂದ ಪ್ರತಿ ಚಿತ್ರ ತೆಗೆದಾಗ ಕ್ಯಾಮೆರಾ ಇದ್ದ ಸ್ಥಾನವನ್ನೂ ಅದರ ಓರೆಯನ್ನೂ ಕಂಡುಕೊಳ್ಳುತ್ತವೆ. ಬಳಿಕ ಲಕ್ಷಾಂತರ ಬಿಂದುಗಳ ಪಾಯಿಂಟ್ ಕ್ಲೌಡ್ ಕಟ್ಟುತ್ತವೆ; ಅದರಿಂದ ಎತ್ತರದ ನಕ್ಷೆಯನ್ನು ಸಿದ್ಧಪಡಿಸಬಹುದು. ಫಲಿತಾಂಶವನ್ನು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಪರಿಶೀಲಿಸಬಹುದು.

2.4 ಮೈಕ್ರೋಮೀಟರ್ ಪಿಕ್ಸೆಲ್, 8.8 ಮಿ.ಮೀ. ನಾಭಿದೂರದ ಕ್ಯಾಮೆರಾ 100 ಮೀಟರ್ ಎತ್ತರದಲ್ಲಿ ಹಾರಿದರೆ ಒಂದು ಪಿಕ್ಸೆಲ್ ನೆಲದ ಮೇಲೆ ಸುಮಾರು 2.7 ಸೆಂ.ಮೀ. ಆಗುತ್ತದೆ. ಹಾರುವ ಸಾಲಿನಲ್ಲಿ ಒಂದರ ಹಿಂದೊಂದು ಬರುವ ಚಿತ್ರಗಳು ಶೇ 75–80ರಷ್ಟು, ಅಕ್ಕಪಕ್ಕದ ಸಾಲುಗಳ ಚಿತ್ರಗಳು ಶೇ 60–70ರಷ್ಟು ಒಂದರ ಮೇಲೊಂದು ಬರಬೇಕು.

ಘಟಪ್ರಭಾ ದಂಡೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ನೆಲ ಮೂರು ಬಗೆಯ ತೊಡಕು ಒಡ್ಡುತ್ತದೆ. ಗೋಕಾಕ ಜಲಪಾತದ ಸುಮಾರು 52 ಮೀಟರ್ ಎತ್ತರದ ಮರಳುಗಲ್ಲಿನ ಗೋಡೆ ನೇರ ಮೇಲಿನಿಂದ ಕಾಣದು. ಓರೆ ಚಿತ್ರಗಳು ಬೇಕು. ಮೂಡಲಗಿಯ ಹೊಲಗಳಲ್ಲಿ ಕಬ್ಬು ನಿಂತಿದ್ದರೆ ತಂತ್ರಾಂಶ ಅಳೆಯುವುದು ಕಬ್ಬಿನ ಸುಳಿಯನ್ನು, ನೆಲವನ್ನಲ್ಲ. ಕಟಾವಿನ ನಂತರದ ಹಾರಾಟವೇ ಸರಿ. ಹುಕ್ಕೇರಿಯ ಹಿಡಕಲ್ ಜಲಾಶಯದ ಅಲುಗುವ ನೀರಿನಲ್ಲಿ ಸ್ಥಿರ ಗುರುತುಗಳಿಲ್ಲ; ನೀರಿನ ಭಾಗವನ್ನು ಲೆಕ್ಕದಿಂದ ಹೊರಗಿಡಬೇಕು.

ಕ್ಯಾಮೆರಾದ ಮಸೂರ ಚಿತ್ರದಲ್ಲಿ ಉಂಟುಮಾಡುವ ವಕ್ರತೆಯನ್ನು ಸರಿಯಾಗಿ ಲೆಕ್ಕಿಸದಿದ್ದರೆ ಸಮತಟ್ಟಾದ ಬಯಲೂ ನಕ್ಷೆಯಲ್ಲಿ ಗುಮ್ಮಟದಂತೆ ಉಬ್ಬಬಹುದು. ಇದನ್ನು ತಡೆಯಲು ಪ್ರದೇಶದ ಅಂಚುಗಳಲ್ಲೂ ನಡುವೆಯೂ ನೆಲದ ಮೇಲೆ ನಿಖರವಾಗಿ ಅಳೆದ ನಿಯಂತ್ರಣ ಬಿಂದುಗಳಿರಬೇಕು. ಜಿಪಿಎಸ್ ನೀಡುವ ಎತ್ತರ ಸಮುದ್ರಮಟ್ಟದಿಂದ ಅಳೆದದ್ದಲ್ಲ. ದಕ್ಷಿಣ ಭಾರತದಲ್ಲಿ ಜಿಪಿಎಸ್ ಎತ್ತರಕ್ಕೂ ಸಮುದ್ರಮಟ್ಟದಿಂದ ಅಳೆದ ಎತ್ತರಕ್ಕೂ ನಡುವೆ ಹತ್ತಾರು ಮೀಟರ್‌ಗಳ ಅಂತರವಿದೆ. ಸಮುದ್ರಮಟ್ಟದಿಂದ ಹೇಳುವ ಜಲಾಶಯದ ನೀರಿನ ಮಟ್ಟದೊಡನೆ ನಕ್ಷೆಯನ್ನು ಹೋಲಿಸುವ ಮೊದಲು ಈ ಅಂತರವನ್ನು ಸರಿಪಡಿಸಲೇಬೇಕು.

ಕೊನೆಯದಾಗಿ, ಲೆಕ್ಕಕ್ಕೆ ಬಳಸದೆ ಉಳಿಸಿಕೊಂಡ ಕೆಲವು ಬಿಂದುಗಳಲ್ಲಿ ನಕ್ಷೆಯ ಎತ್ತರವನ್ನೂ ನೆಲದ ಅಳತೆಯನ್ನೂ ತಾಳೆ ನೋಡಬೇಕು. ಅಲ್ಲಿ ಕಂಡ ವ್ಯತ್ಯಾಸವೇ ಆ ನಕ್ಷೆಯ ನಿಜವಾದ ನಿಖರತೆಯ ಅಳತೆ. ಅದು ಅರ್ಧ ಅಡಿಯೊಳಗೆ ಇದ್ದರೆ ಮಾತ್ರ ಒಂದೆರಡು ಅಡಿಗಳ ಏರಿಳಿತವನ್ನು ಆ ನಕ್ಷೆಯಿಂದ ನಂಬಿಕೆಯಿಂದ ಓದಬಹುದು.