ವರ್ಚುವಲ್ ಯುಎಸ್‌ಬಿ ಡಿಸ್ಕಿನ ಬಲವಂತದ ಹೊರತೆಗೆಯುವಿಕೆ

ವರ್ಚುವಲ್ ಯುಎಸ್‌ಬಿ ಡಿಸ್ಕಿನ ಬಲವಂತದ ಹೊರತೆಗೆಯುವಿಕೆ ಎಂದರೆ, ಒಂದು ಸಾಧನವು ಯುಎಸ್‌ಬಿ ತಂತಿಯ ಮೂಲಕ ಮತ್ತೊಂದು ಗಣಕಯಂತ್ರಕ್ಕೆ ಪೆನ್‌ಡ್ರೈವ್ ಅಥವಾ ಸಿಡಿಯಂತೆ ತೋರಿಸುತ್ತಿರುವ ಕಡತವನ್ನು ಆ ಗಣಕಯಂತ್ರದ ಒಪ್ಪಿಗೆಗೆ ಕಾಯದೆ ಹಿಂದಕ್ಕೆ ಪಡೆಯುವ ಕ್ರಿಯೆ. ಲಿನಕ್ಸ್ ಕರ್ನಲ್ಲಿನ ‘ಮಾಸ್ ಸ್ಟೋರೇಜ್ ಗ್ಯಾಜೆಟ್’ ಎಂಬ ಚಾಲಕ ತಂತ್ರಾಂಶಕ್ಕೆ ಇದಕ್ಕಾಗಿ 2022ರಲ್ಲಿ ‘ಫೋರ್ಸ್ಡ್ ಇಜೆಕ್ಟ್’ ಎಂಬ ಪ್ರತ್ಯೇಕ ಸೌಲಭ್ಯವೊಂದು ಸೇರಿತು. ಸ್ಥಗಿತಗೊಂಡ ಗಣಕದ ಹಿಡಿತದಿಂದ ಡಿಸ್ಕನ್ನು ಬಿಡಿಸಿಕೊಳ್ಳಲು ಇದು ನೆರವಾಗುತ್ತದೆ. ಆದರೆ ಬರೆಯಲು ಅವಕಾಶವಿರುವ ಡಿಸ್ಕಿನ ಮೇಲೆ ಇದನ್ನು ಪ್ರಯೋಗಿಸಿದರೆ, ಇನ್ನೂ ಬರೆಯದೆ ಉಳಿದಿದ್ದ ಮಾಹಿತಿ ನಷ್ಟವಾಗುವ ಸಂಭವವಿದೆ.

ಹಿನ್ನೆಲೆ

ಯುಎಸ್‌ಬಿ ಸಂಪರ್ಕದಲ್ಲಿ ಎರಡು ಪಾತ್ರಗಳಿವೆ. ಆಜ್ಞೆ ಕೊಡುವ ಗಣಕವನ್ನು ಆತಿಥೇಯ ಎಂದೂ, ಆಜ್ಞೆಗೆ ಉತ್ತರ ಕೊಡುವುದನ್ನು ಸಾಧನ ಎಂದೂ ಕರೆಯಬಹುದು. ಸಾಮಾನ್ಯ ಪೆನ್‌ಡ್ರೈವ್ ಒಂದು ಸಾಧನ. ಅದರೊಳಗೆ ನೆನಪಿನ ಚಿಪ್ಪು ನಿಜವಾಗಿಯೂ ಇರುತ್ತದೆ. ವರ್ಚುವಲ್ ಡಿಸ್ಕ್, ಅಂದರೆ ತೋರಿಕೆಯ ಡಿಸ್ಕ್, ಹಾಗಲ್ಲ. ಅಲ್ಲಿ ಸಾಧನವೇ ಒಂದು ಪುಟ್ಟ ಗಣಕ. ರಾಸ್ಪ್‌ಬೆರಿ ಪೈ ಝೀರೋ ಇದಕ್ಕೆ ಒಳ್ಳೆಯ ಉದಾಹರಣೆ. ಅದು ತನ್ನ ಬಳಿಯಿರುವ ಒಂದು ಕಡತವನ್ನು, ಬಹುಮಟ್ಟಿಗೆ ಒಂದು ಐಎಸ್‌ಒ ಕಡತವನ್ನು, ಆತಿಥೇಯಕ್ಕೆ ಇಡೀ ಡಿಸ್ಕ್ ಎಂಬಂತೆ ಒಪ್ಪಿಸುತ್ತದೆ. ತಂತಿಯ ಆ ತುದಿಯಲ್ಲಿರುವುದು ಡಿಸ್ಕೋ ಕಡತವೋ ಎಂಬುದು ಆತಿಥೇಯಕ್ಕೆ ತಿಳಿಯುವುದಿಲ್ಲ. ತಿಳಿಯಬೇಕಾದ ಅಗತ್ಯವೂ ಇಲ್ಲ. ಈ ಲೇಖನದಲ್ಲಿ ‘ಚಾಲಕ’ ಎಂದಾಗಲೆಲ್ಲ ಸಾಧನದ ಕಡೆ ನಡೆಯುವ ತಂತ್ರಾಂಶವೆಂದೇ ತಿಳಿಯಬೇಕು. ಆತಿಥೇಯದ ಕಡೆಯ ಚಾಲಕ ಬೇರೆ, ಮತ್ತು ಹೊಸಬರು ಇವೆರಡನ್ನೂ ಒಂದೆಂದು ಭಾವಿಸಿ ಗೊಂದಲಕ್ಕೆ ಬೀಳುವುದು ಸಾಮಾನ್ಯ.

ಲಿನಕ್ಸಿನಲ್ಲಿ ಈ ಬಗೆಯ ಚಾಲಕವನ್ನು ಮೊದಲು ಬರೆದವರು ಅಲನ್ ಸ್ಟರ್ನ್. ಅವರ ಕೆಲಸ 2003ರಿಂದ ಆರಂಭವಾಗುತ್ತದೆ. ಒಂದೇ ಸಾಧನದಲ್ಲಿ ಡಿಸ್ಕಿನ ಜೊತೆಗೆ ಬೇರೆ ಕಾರ್ಯಗಳೂ ಇರಬಲ್ಲಂತೆ ಅದನ್ನು 2009ರಲ್ಲಿ ಸ್ಯಾಮ್‌ಸಂಗ್ ಸಂಸ್ಥೆಯಲ್ಲಿದ್ದ ಮಿಖಾವ್ ನಝರೆವಿಚ್ ರೂಪಾಂತರಿಸಿದರು. ಆರಂಭದ ಆಂಡ್ರಾಯ್ಡ್ ದೂರವಾಣಿಗಳು ತಮ್ಮ ಮೆಮೊರಿ ಕಾರ್ಡನ್ನು ಗಣಕಕ್ಕೆ ತೋರಿಸುತ್ತಿದ್ದುದು ಇದೇ ವಿಧಾನದಿಂದ. ಕಾರ್ಡು ಗಣಕದ ವಶದಲ್ಲಿರುವಷ್ಟು ಹೊತ್ತು ದೂರವಾಣಿಯಲ್ಲಿ ಹಾಡುಗಳೂ ಚಿತ್ರಗಳೂ ಕಾಣದಾಗುತ್ತಿದ್ದುದು ಆ ಕಾಲದ ಬಳಕೆದಾರರಿಗೆ ನೆನಪಿರಬಹುದು. ಒಂದು ಡಿಸ್ಕಿಗೆ ಒಂದು ವೇಳೆಗೆ ಒಬ್ಬನೇ ಒಡೆಯ ಎಂಬ ಈ ನಿಯಮವೇ ಮುಂದಿನ ತೊಡಕಿಗೂ ಮೂಲ.

ಬೀಗದ ಆಜ್ಞೆ

ಯುಎಸ್‌ಬಿ ಡಿಸ್ಕುಗಳು ಆತಿಥೇಯದೊಡನೆ ಮಾತನಾಡುವುದು ‘ಸ್ಕಸಿ’ ಎಂಬ ಹಳೆಯ ಆಜ್ಞಾಭಾಷೆಯಲ್ಲಿ. ಅದರ ಮೊದಲ ಅಮೆರಿಕನ್ ಮಾನಕ 1986ರದು. ಆ ಭಾಷೆಯಲ್ಲಿ ‘ಪ್ರಿವೆಂಟ್ ಅಲೋ ಮೀಡಿಯಂ ರಿಮೂವಲ್’ ಎಂಬ ಆಜ್ಞೆಯೊಂದಿದೆ. ಡಿಸ್ಕನ್ನು ಬಳಸತೊಡಗುವ ಮುನ್ನ ಆತಿಥೇಯವು ಈ ಆಜ್ಞೆಯಿಂದ ಬೀಗ ಹಾಕುತ್ತದೆ, ಬಳಕೆ ಮುಗಿದ ಮೇಲೆ ಅದೇ ಆಜ್ಞೆಯಿಂದ ಬೀಗ ತೆರೆಯುತ್ತದೆ. ಸಿಡಿ ಓದುತ್ತಿರುವಾಗ ಡ್ರೈವಿನ ಗುಂಡಿಯನ್ನು ಎಷ್ಟು ಒತ್ತಿದರೂ ತಟ್ಟೆ ಹೊರಗೆ ಬಾರದಿರುವುದಕ್ಕೆ ಕಾರಣ ಇದೇ ಬೀಗ.

ತೋರಿಕೆಯ ಡಿಸ್ಕಿನಲ್ಲಿ ತಟ್ಟೆಯೂ ಇಲ್ಲ, ಗುಂಡಿಯೂ ಇಲ್ಲ. ಆದರೂ ಚಾಲಕವು ಬೀಗವನ್ನು ನಿಷ್ಠೆಯಿಂದ ಪಾಲಿಸುತ್ತದೆ. ಆತಿಥೇಯ ಬೀಗ ಹಾಕಿದೆ ಎಂಬುದನ್ನು ಅದು ಒಂದು ಗುರುತಿನಲ್ಲಿ ನೆನಪಿಟ್ಟುಕೊಂಡಿರುತ್ತದೆ. ಸಾಧನದ ಕಡೆಯಿಂದ ಯಾರಾದರೂ ಕಡತವನ್ನು ಬದಲಿಸಲು ಅಥವಾ ತೆಗೆಯಲು ಹೋದರೆ, ಸಾಧನ ಕಾರ್ಯನಿರತವಾಗಿದೆ ಎಂಬ ದೋಷಸೂಚನೆ ಕೊಟ್ಟು ನಿರಾಕರಿಸುತ್ತದೆ. ಕಡತ ಇರುವುದು ಸಾಧನದಲ್ಲಿ, ಬೀಗದ ಕೈ ಇರುವುದು ಆತಿಥೇಯದಲ್ಲಿ. ಆತಿಥೇಯ ಸರಿಯಾಗಿ ನಡೆಯುತ್ತಿರುವವರೆಗೆ ಈ ಏರ್ಪಾಡು ನ್ಯಾಯವಾದದ್ದೇ. ಅದು ನಡುವೆಯೇ ಸ್ಥಗಿತಗೊಂಡರೆ ಬೀಗ ತೆರೆಯುವವರು ಯಾರೂ ಇರುವುದಿಲ್ಲ. ಡಿಸ್ಕನ್ನು ಅನ್‌ಮೌಂಟ್ ಮಾಡಿದ ಮೇಲೂ ಆತಿಥೇಯದ ಯಾವುದಾದರೂ ಪ್ರಕ್ರಿಯೆ ಅದನ್ನು ತೆರೆದಿಟ್ಟುಕೊಂಡಿದ್ದರೆ ಬೀಗ ಹಾಗೆಯೇ ಉಳಿಯುವುದೂ ಉಂಟು.

ಹೊರತೆಗೆಯುವ ವಿಧಾನ

2022ಕ್ಕೆ ಮೊದಲು ಇದಕ್ಕೊಂದು ಒಳದಾರಿಯಿತ್ತು. ಚಾಲಕವು ಕರ್ನಲ್ಲಿನೊಳಗೆ ‘ಫೈಲ್ ಸ್ಟೋರೇಜ್’ ಎಂಬ ಹೆಸರಿನ ಒಂದು ಎಳೆಯನ್ನು ನಡೆಸುತ್ತದೆ. ಆ ಎಳೆಗೆ ‘ಯೂಸರ್ ಒನ್’ ಎಂಬ ಸಂಕೇತವನ್ನು ಕಳಿಸಿದರೆ ಅದು ನಡೆಯುತ್ತಿದ್ದ ಕೆಲಸವನ್ನು ಕೈಬಿಟ್ಟು ಬೀಗದ ಗುರುತನ್ನು ಅಳಿಸಿಬಿಡುತ್ತಿತ್ತು. ಈ ಉಪಾಯ ಯಾವ ಕೈಪಿಡಿಯಲ್ಲೂ ದಾಖಲಾಗಿರಲಿಲ್ಲ. ಹಲವು ಡಿಸ್ಕುಗಳಿದ್ದಾಗ ಯಾವ ಎಳೆ ಯಾವ ಡಿಸ್ಕಿನದೆಂದು ಗುರುತಿಸುವ ದಾರಿಯೂ ಇರಲಿಲ್ಲವಾದ್ದರಿಂದ ಎಲ್ಲಕ್ಕೂ ಸಂಕೇತ ಕಳಿಸಬೇಕಾಗುತ್ತಿತ್ತು. ಒಬ್ಬ ವಿದ್ಯಾರ್ಥಿಯ ತಪ್ಪಿಗೆ ಇಡೀ ತರಗತಿಯನ್ನು ನಿಲ್ಲಿಸಿದಂತೆ.

ಈ ಕೊರತೆಯನ್ನು ನೀಗಲು ಮ್ಯಾಕ್ಸಿಮ್ ದೇವಾಯೆವ್ ಅವರು ಹೊಸ ಸೌಲಭ್ಯವನ್ನು ರೂಪಿಸಿದರು. ದೂರದ ಗಣಕಗಳನ್ನು ನಿರ್ವಹಿಸುವ ‘ಪೈ ಕೆವಿಎಂ’ ಎಂಬ ಮುಕ್ತ ಯೋಜನೆ ಅವರದೇ. ಈಗ ಪ್ರತಿಯೊಂದು ತೋರಿಕೆಯ ಡಿಸ್ಕಿನ ಸಂರಚನಾ ಕೋಶದಲ್ಲಿ, ‘ಫೈಲ್’, ‘ರೀಡ್ ಓನ್ಲಿ’, ‘ಸಿಡಿರಾಮ್’ ಮೊದಲಾದ ಹಳೆಯ ನಮೂದುಗಳ ಪಕ್ಕದಲ್ಲಿಯೇ, ‘ಫೋರ್ಸ್ಡ್ ಇಜೆಕ್ಟ್’ ಎಂಬ ನಮೂದೊಂದು ಇರುತ್ತದೆ. ಅದು ಬರೆಯಲು ಮಾತ್ರ ಇರುವಂಥದು, ಓದಲು ಬರುವುದಿಲ್ಲ. ಅದಕ್ಕೆ ಒಂದೇ ಒಂದು ಬೈಟ್ ಬರೆದರೂ ಸಾಕು. ಚಾಲಕವು ಆ ಡಿಸ್ಕಿನ ಬೀಗದ ಗುರುತನ್ನು ಅಳಿಸಿ ಕಡತವನ್ನು ಬಿಡುಗಡೆ ಮಾಡುತ್ತದೆ. ಉಳಿದ ಡಿಸ್ಕುಗಳಿಗೆ ತೊಂದರೆಯಿಲ್ಲ. ಸಿಡಿ ಡ್ರೈವಿನ ಮುಖದಲ್ಲಿರುವ ಸಣ್ಣ ರಂಧ್ರಕ್ಕೆ ಗುಂಡುಸೂಜಿ ಚುಚ್ಚಿ ತಟ್ಟೆಯನ್ನು ಹೊರಗೆಳೆಯುವುದಕ್ಕೆ ಇದು ಸಮಾನ.

ಹೊರತೆಗೆದ ಮೇಲೆ ಆತಿಥೇಯ ಮತ್ತೆ ಓದಲು ಬಂದರೆ, ಮಾಧ್ಯಮ ಇಲ್ಲ ಎಂಬ ಉತ್ತರ ಸಿಗುತ್ತದೆ. ಆ ಜಾಗದಲ್ಲಿ ಹೊಸ ಕಡತ ಸೇರಿಸಿದರೆ, ಮಾಧ್ಯಮ ಬದಲಾಗಿರಬಹುದು ಎಂಬ ‘ಯೂನಿಟ್ ಅಟೆನ್ಶನ್’ ಎಚ್ಚರಿಕೆ ಮೊದಲು ಹೋಗುತ್ತದೆ. ಹಳೆಯ ಡಿಸ್ಕಿಗೆ ಸೇರಬೇಕಾಗಿದ್ದ ಬಾಕಿ ಬರಹ ಹೊಸ ಡಿಸ್ಕಿನ ಮೇಲೆ ಬೀಳದಿರಲೆಂಬುದು ಈ ಎಚ್ಚರಿಕೆಯ ಉದ್ದೇಶ.

ಮಾಹಿತಿ ನಷ್ಟದ ಸಂಭವ

ಆತಿಥೇಯವು ಬೀಗ ಹಾಕುವುದು ಹಟಕ್ಕಲ್ಲ. ಕಡತವನ್ನು ಉಳಿಸಿದೆ ಎಂದು ಪರದೆ ಹೇಳಿದ ಕ್ಷಣದಲ್ಲಿಯೇ ಅದು ಡಿಸ್ಕಿಗೆ ಸೇರಿರುವುದಿಲ್ಲ. ಕೆಲಕಾಲ ಆತಿಥೇಯದ ನೆನಪಿನಲ್ಲಿಯೇ ಕಾದಿರುತ್ತದೆ. ಲಿನಕ್ಸಿನ ಪೂರ್ವನಿಯೋಜಿತ ಏರ್ಪಾಡಿನಲ್ಲಿ ಇಂಥ ಬರಹವು ಹಳೆಯದಾಯಿತೆಂದು ಪರಿಗಣಿತವಾಗಲು 30 ಸೆಕೆಂಡು ಬೇಕು. ವಿಂಡೋಸ್ 10ರಲ್ಲಿ 1809ನೆಯ ಆವೃತ್ತಿಯಿಂದ ಈಚೆಗೆ ಹೊರಗಿನ ಡಿಸ್ಕುಗಳಿಗೆ ಶೀಘ್ರ ತೆಗೆಯುವಿಕೆಯ ನೀತಿಯೇ ಪೂರ್ವನಿಯೋಜಿತವಾಗಿರುವುದರಿಂದ ಅಲ್ಲಿ ಈ ಬಾಕಿ ಕಡಿಮೆ. ಈ ನಡುವೆ ಡಿಸ್ಕನ್ನು ಕಿತ್ತುಕೊಂಡರೆ ಕಡತದ ಹೆಸರು ಪಟ್ಟಿಯಲ್ಲಿದ್ದು ಒಳಗಿನ ಬರಹ ಇಲ್ಲದಿರಬಹುದು, ಅಥವಾ ಅರ್ಧ ಮಾತ್ರ ಇರಬಹುದು. ಇಳಕಲ್ ಸೀರೆಯ ಮೈಯ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕುತ್ತಿರುವಾಗ ನಡುವೆಯೇ ಮಗ್ಗದಿಂದ ಬಟ್ಟೆಯನ್ನು ಕತ್ತರಿಸಿದರೆ ಏನಾದೀತೋ ಇದೂ ಹಾಗೆಯೇ. ಮೈ ಉಳಿದರೂ ಅದು ಸೀರೆಯಾಗುವುದಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಆತಿಥೇಯ ತಾನಾಗಿಯೇ ಬೀಗ ತೆರೆದಾಗ ಚಾಲಕವು ಅಲ್ಲಿಯವರೆಗೆ ಬಂದ ಬರಹವನ್ನೆಲ್ಲ ಸಾಧನದ ಶಾಶ್ವತ ಸಂಗ್ರಹಕ್ಕೆ ಇಳಿಸುತ್ತದೆ. ಬಲವಂತದಿಂದ ತೆಗೆದಾಗ ಈ ಹಂತ ತಪ್ಪಿಹೋಗುತ್ತದೆ. ಸಾಧನವನ್ನು ತಲುಪಿದ್ದ ಬರಹವು ಅದರ ನೆನಪಿನಿಂದ ನಿಧಾನವಾಗಿ ಕಾರ್ಡಿಗೆ ಸೇರುತ್ತದೆಯಾದರೂ, ಹೊರತೆಗೆದ ಕೂಡಲೆ ಸಾಧನದ ವಿದ್ಯುತ್ತನ್ನೂ ಕಳಚಿದರೆ ಅದೂ ಹೋಗುತ್ತದೆ. ಆದ್ದರಿಂದ ‘ಸಿಂಕ್’ ಆಜ್ಞೆ ಕೊಟ್ಟು ಅದು ಮುಗಿದ ಮೇಲೆ ಮಾತ್ರ ತಂತಿ ತೆಗೆಯುವುದು ಕ್ಷೇಮ.

ಓದಲು ಮಾತ್ರ ತೆರೆದ ಡಿಸ್ಕಿನಲ್ಲಿ ಇವಾವ ಭಯವೂ ಇಲ್ಲ. ಅದರಿಂದ ಏನನ್ನಾದರೂ ಅನುಸ್ಥಾಪಿಸುತ್ತಿದ್ದರೆ ಆ ಕೆಲಸ ಮುರಿದುಬೀಳುತ್ತದೆ, ಕಡತ ಮಾತ್ರ ಇದ್ದಂತೆಯೇ ಉಳಿಯುತ್ತದೆ.

ಬಳಕೆ

ಬಾದಾಮಿಯ ಒಂದು ಕಚೇರಿಯ ಗಣಕ ಕೆಟ್ಟಿದೆ, ಅದನ್ನು ಸರಿಪಡಿಸಬೇಕಾದವರು ಬಾಗಲಕೋಟೆಯಲ್ಲಿದ್ದಾರೆ ಎಂದು ಭಾವಿಸೋಣ. ಗಣಕಕ್ಕೆ ಪೈ ಕೆವಿಎಂ ಮಾದರಿಯ ಸಾಧನ ಜೋಡಿಸಿದ್ದರೆ ಅವರು ಕುಳಿತಲ್ಲಿಂದಲೇ ಪರದೆ ನೋಡಿ, ಕೀಲಿ ಒತ್ತಿ, ಕಾರ್ಯಾಚರಣಾ ವ್ಯವಸ್ಥೆಯ ಐಎಸ್‌ಒ ಕಡತವನ್ನು ತೋರಿಕೆಯ ಡಿಸ್ಕಾಗಿ ಒದಗಿಸಬಹುದು. ಅನುಸ್ಥಾಪನೆ ಅರ್ಧಕ್ಕೆ ನಿಂತಿತು, ಬೇರೆ ಕಡತ ಕೊಡಬೇಕು, ಬೀಗ ಬಿಡುತ್ತಿಲ್ಲ. ಪೆನ್‌ಡ್ರೈವಾಗಿದ್ದರೆ ಯಾರಾದರೂ ಕೈಯಿಂದ ಕಿತ್ತು ಹಾಕುತ್ತಿದ್ದರು. ಇಲ್ಲಿ ಕೈ ತಲುಪದು. ಇಂಥ ಸನ್ನಿವೇಶಕ್ಕೆಂದೇ ಈ ಸೌಲಭ್ಯ ಹುಟ್ಟಿದ್ದು, ಐಎಸ್‌ಒ ಓದಲು ಮಾತ್ರ ತೆರೆದಿರುವುದರಿಂದ ಇಲ್ಲಿ ಅದರ ಬಳಕೆ ನಿರಪಾಯಕರ. ಅದೇ ಕಚೇರಿಯ ಸಿಬ್ಬಂದಿ ನುಡಿ ತಂತ್ರಾಂಶದಲ್ಲಿ ಬೆರಳಚ್ಚಿಸಿದ ಪತ್ರಗಳನ್ನು ತೋರಿಕೆಯ ಡಿಸ್ಕಿನಲ್ಲಿಯೇ ಉಳಿಸುತ್ತಿದ್ದರೆ ಮಾತು ಬೇರೆ. ಆಗ ಮೊದಲು ಆತಿಥೇಯದಿಂದಲೇ ಸುರಕ್ಷಿತವಾಗಿ ಹೊರತೆಗೆಯಲು ಪ್ರಯತ್ನಿಸಬೇಕು, ಬಲವಂತ ಕೊನೆಯದು.

ಡಾಂಗಲ್‌ಗಳಲ್ಲಿನ ಹೊರತೆಗೆಯುವಿಕೆ

2010ರ ಆಸುಪಾಸಿನಲ್ಲಿ ಟಾಟಾ ಫೋಟಾನ್, ರಿಲಯನ್ಸ್ ನೆಟ್‌ಕನೆಕ್ಟ್ ಮೊದಲಾದ ಹೆಸರುಗಳಲ್ಲಿ ಮಾರಾಟವಾಗುತ್ತಿದ್ದ ಅಂತರಜಾಲದ ಡಾಂಗಲ್‌ಗಳಲ್ಲೂ ತೋರಿಕೆಯ ಡಿಸ್ಕ್ ಬಳಕೆಯಲ್ಲಿತ್ತು. ಇಂಥ ಡಾಂಗಲ್ ಮೊದಲು ಸಿಡಿಯಾಗಿ ಕಾಣಿಸಿಕೊಂಡು ವಿಂಡೋಸಿಗೆ ಬೇಕಾದ ಚಾಲಕವನ್ನು ಒದಗಿಸುತ್ತಿತ್ತು. ಅನೇಕ ಮಾದರಿಗಳಲ್ಲಿ ಆತಿಥೇಯವು ಆ ಸಿಡಿಯನ್ನು ಹೊರತೆಗೆ ಎಂದಾಗಲೇ ಡಾಂಗಲ್ ಮೋಡೆಮ್ ಆಗಿ ಬದಲಾಗುತ್ತಿತ್ತು. ಲಿನಕ್ಸ್ ಬಳಕೆದಾರರಿಗೆ ಸಿಡಿ ಕಾಣುತ್ತಿತ್ತು, ಮೋಡೆಮ್ ಕಾಣುತ್ತಿರಲಿಲ್ಲ. ಈ ತೊಡಕನ್ನು ನಿವಾರಿಸಿದ್ದು ಯೋಸುವಾ ಡೀಟ್ಸೆ ಅವರ ‘ಯುಎಸ್‌ಬಿ ಮೋಡ್‌ಸ್ವಿಚ್’ ಎಂಬ ತಂತ್ರಾಂಶ. ಹೊರತೆಗೆಯುವ ಆಜ್ಞೆಯನ್ನು ಅದು ತಾನೇ ಕಳಿಸುತ್ತದೆ. ಇಲ್ಲಿ ಹೊರತೆಗೆಯುವ ಬಯಕೆ ಆತಿಥೇಯದ್ದು, ಬೀಗದ ಜಗಳವಿಲ್ಲ. ಹೀಗಾಗಿ ಇದನ್ನು ಬಲವಂತದ ಹೊರತೆಗೆಯುವಿಕೆಯೆಂದು ಕರೆಯುವುದು ಸರಿಯಲ್ಲ.