ಗೆಳೆಯ ಬರೆದ ಕರೆಯೋಲೆ

ಲಗ್ನಪತ್ರಿಕೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಅಂಚಿಗೆ ಅರಿಶಿನ ಸವರಿದ ಅಚ್ಚಿನ ಹಾಳೆ. ಆದರೆ ಆ ಮಾತು ಹುಟ್ಟಿದ್ದು ಕರೆಯುವುದಕ್ಕಾಗಿ ಅಲ್ಲ. ಲಗ್ನವೆಂದರೆ ಮುಹೂರ್ತದ ಹೊತ್ತಿಗೆ ಮೂಡಲಲ್ಲಿ ಉದಯಿಸುವ ರಾಶಿ. ನಿಶ್ಚಿತಾರ್ಥದ ದಿನ ಪುರೋಹಿತರು ವಂಶ, ಗೋತ್ರ, ತಿಥಿ, ನಕ್ಷತ್ರಗಳನ್ನು ಬರೆದು, ಹತ್ತು ಜನರೆದುರು ಓದಿ ಹೇಳುತ್ತಿದ್ದ ಒಪ್ಪಂದದ ಪತ್ರವೇ ಲಗ್ನಪತ್ರಿಕೆ. ಕರೆಯುವ ಕೆಲಸಕ್ಕೆ ಕಾಗದ ಬೇಕಿರಲಿಲ್ಲ, ಕಾಲು ಬೇಕಿತ್ತು. ಅಕ್ಷತೆ ಕುಂಕುಮಗಳನ್ನು ಹಿಡಿದು ಮನೆಮನೆಗೂ ಹೋಗಿ, ಹೆಸರು ಹಿಡಿದು ಕರೆಯಬೇಕಿತ್ತು.

ಈ ಎರಡನ್ನೂ ಒಂದುಗೂಡಿಸಿದ್ದು ಅಚ್ಚುಕೂಟ ಮತ್ತು ಅಂಚೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರ ಮುದ್ರಣಾಲಯ ಆರಂಭವಾದದ್ದು 1841ರಲ್ಲಿ. ಅಲ್ಲಿಂದಲೇ 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಬಂದಿತು. 1879ರಲ್ಲಿ ಕಾಲಾಣೆಯ ಅಂಚೆ ಕಾರ್ಡು ಬಂದಿತು. ನೌಕರಿಯ ದೆಸೆಯಿಂದ ನೆಂಟರಿಷ್ಟರು ಊರೂರಿಗೆ ಚದುರಿದ ಮೇಲೆ ಕಾಲ್ನಡಿಗೆಯ ಕರೆ ಅವರನ್ನು ಮುಟ್ಟುವಂತಿರಲಿಲ್ಲ. ಒಪ್ಪಂದದ ಪತ್ರವೇ ಅಚ್ಚಾಗಿ, ಕರೆಯೋಲೆಯೂ ಆಗಿ, ಅಂಚೆಯ ಚೀಲವನ್ನೇರಿತು.

ಅದರ ಮಾತು ಎಲ್ಲೆಡೆಯೂ ಒಂದೇ ಆದದ್ದೇಕೆ? ಕಾರಣ ಅಚ್ಚುಮನೆಯ ಅರ್ಥಶಾಸ್ತ್ರದಲ್ಲಿದೆ. ಕನ್ನಡದ ಒತ್ತಕ್ಷರಗಳನ್ನು ಒಂದೊಂದಾಗಿ ಮೊಳೆ ಜೋಡಿಸುವುದು ಶ್ರಮದ ಕೆಲಸ. ಆದ್ದರಿಂದ ಒಮ್ಮೆ ಜೋಡಿಸಿದ ಒಕ್ಕಣೆಯನ್ನು ಬಿಚ್ಚದೆ ಹಾಗೆಯೇ ಇರಿಸಿಕೊಂಡು, ಹೆಸರು, ದಿನ, ಸ್ಥಳಗಳನ್ನಷ್ಟೇ ಬದಲಿಸುವುದು ಸಣ್ಣ ಮುದ್ರಣಾಲಯಗಳ ವಾಡಿಕೆ. ಮೇಲೊಂದು ಗಣಪತಿಯ ಪಡಿಯಚ್ಚು, ಪಕ್ಕದಲ್ಲಿ ಬಾಳೆಯ ಕಂಬ, ‘ಸಕುಟುಂಬ ಪರಿವಾರ ಸಮೇತರಾಗಿ’ ಎಂಬ ಸಾಲು. ಮದುವೆ ಯಾರದಾದರೂ ಮಾತು ಅದೇ.

ಮಾತು ಹೆಪ್ಪುಗಟ್ಟಿದರೆ ಅದರೊಡನೆ ಬೇರೆಯದೂ ಹೆಪ್ಪುಗಟ್ಟುತ್ತದೆ. ಕರೆಯುವವನ ಜಾಗದಲ್ಲಿ ಇದ್ದದ್ದು ಗಂಡಸಿನ ಹೆಸರು. ತಂದೆ ಇಲ್ಲದ ಮನೆಯಲ್ಲಿ ಅದು ಚಿಕ್ಕಪ್ಪನಿಗೋ ಸೋದರಮಾವನಿಗೋ ಸಲ್ಲುತ್ತಿತ್ತು. ಮಗಳನ್ನು ಸಾಕಿ ಬೆಳೆಸಿದ ವಿಧವೆ ತಾಯಿಯ ಹೆಸರು ಎಷ್ಟೋ ಪತ್ರಿಕೆಗಳಲ್ಲಿ ಕಾಣಿಸಲೇ ಇಲ್ಲ.

ಈ ಎರಕವನ್ನು ಅಲುಗಿಸಿದವರಲ್ಲಿ ಗೆಳೆಯರದೊಂದು ಪಾಲಿದೆ. ಉತ್ತರ ಕರ್ನಾಟಕದಲ್ಲಿಯೂ ಮಹಾರಾಷ್ಟ್ರದಲ್ಲಿಯೂ ಪದ್ಯ ಕಟ್ಟಬಲ್ಲ ಸ್ನೇಹಿತರು ವಧೂವರರ ಹೆಸರುಗಳನ್ನು ಶಾರ್ದೂಲವಿಕ್ರೀಡಿತದೊಳಗೆ ನೇಯ್ದು ಹೊಸ ಮಂಗಳಾಷ್ಟಕಗಳನ್ನು ರಚಿಸಿ, ಅಚ್ಚು ಹಾಕಿಸಿ, ಮಂಟಪದಲ್ಲಿ ಹಂಚುತ್ತಿದ್ದುದುಂಟು. ಕಾವ್ಯದೃಷ್ಟಿಯಿಂದ ಅವು ಸಾಧಾರಣವೇ ಇರಬಹುದು. ಆದರೆ ಆ ಹಾಳೆ ಇನ್ನೊಂದು ಮದುವೆಗೆ ಒದಗುವಂತಿರಲಿಲ್ಲ.

ಇನ್ನೂ ದೊಡ್ಡ ಪಲ್ಲಟವನ್ನು ತಂದದ್ದು ಕುವೆಂಪು ಅವರ ‘ಮಂತ್ರ ಮಾಂಗಲ್ಯ’. 1966ರಲ್ಲಿ ಪೂರ್ಣಚಂದ್ರ ತೇಜಸ್ವಿಯವರ ವಿವಾಹ ಆ ಸರಳ ಪದ್ಧತಿಯಲ್ಲಿ ನಡೆಯಿತು. ಪುರೋಹಿತರಿಲ್ಲದ, ರಾಹುಕಾಲ ಗುಳಿಕಕಾಲಗಳನ್ನು ಎಣಿಸದ ಮದುವೆಗೆ ಲಗ್ನಪತ್ರಿಕೆಯ ಹಳೆಯ ಎರಕ ಹೊಂದುವುದಾದರೂ ಹೇಗೆ? ಆ ದಾರಿಯಲ್ಲಿ ನಡೆದವರು ಕರೆಯುವ ಮಾತನ್ನೂ ಹೊಸದಾಗಿ ಹುಡುಕಬೇಕಾಯಿತು.

2020ರ ಮೇ ತಿಂಗಳಲ್ಲಿ, ಮಹಾಮಾರಿಯ ಕಾರಣ, ಕೇಂದ್ರ ಸರ್ಕಾರ ಮದುವೆಗೆ 50 ಜನರ ಮಿತಿಯನ್ನು ವಿಧಿಸಿತು. ‘ಇದ್ದಲ್ಲಿಂದಲೇ ಹರಸಿ’ ಎಂದು ನೋಯಿಸದೆ ಹೇಳುವ ವಾಕ್ಯ ಹಳೆಯ ಒಕ್ಕಣೆಯಲ್ಲಿ ಇರಲಿಲ್ಲ. ಅದನ್ನು ಪ್ರತಿಯೊಂದು ಮನೆಯೂ ತಾನೇ ಬರೆಯಬೇಕಾಯಿತು.

ಇಂದು ಮೊಳೆಯ ಪೆಟ್ಟಿಗೆಗಳು ಮೂಲೆ ಸೇರಿವೆ. ದೂರವಾಣಿಯ ತೆರೆಯ ಮೇಲೆ ಸಿದ್ಧ ಮಾದರಿಗಳು ನೂರಾರು ದೊರೆಯುತ್ತವೆ. ಬಣ್ಣ ಹೆಚ್ಚಿದೆ, ಒಕ್ಕಣೆ ಮಾತ್ರ ಬಹುಮಟ್ಟಿಗೆ ಹಳೆಯದೇ. ಸ್ನೇಹಿತನ ಮದುವೆಗೆ ಓಲೆಯನ್ನು ರಚಿಸಿಕೊಡಲು ಒಪ್ಪಿದವರು ಚಿತ್ರ, ಬಣ್ಣಗಳನ್ನು ಆಮೇಲೆ ಆರಿಸಿಕೊಳ್ಳಬಹುದು. ಮೊದಲು ಅವನನ್ನು ಕೇಳಬೇಕಾದ ಪ್ರಶ್ನೆ ಬೇರೆ: ಈ ಮದುವೆಗೆ ನಿಜವಾಗಿ ಕರೆಯುತ್ತಿರುವವರು ಯಾರು? ಉತ್ತರವಾಗಿ ಬಂದ ಹೆಸರುಗಳು, ತಾಯಿಯದೂ ಸೇರಿ, ಓಲೆಯ ಮೇಲಿರಲಿ.