ಹಳೆಯ ಭೂಸ್ವರೂಪ ನಕ್ಷೆಗಳು: ಸಾರ್ವಜನಿಕರಿಗೆ ಮಾಹಿತಿ

ಜಮೀನು ಅಥವಾ ನಿವೇಶನದ ಗಡಿ ಕುರಿತ ಅರ್ಜಿಗಳೊಂದಿಗೆ ಸಾರ್ವಜನಿಕರು ಕೆಲವೊಮ್ಮೆ ಹಳೆಯ ಭೂಸ್ವರೂಪ ನಕ್ಷೆಯ ಪ್ರತಿಯನ್ನು ಲಗತ್ತಿಸುವುದುಂಟು. ಟೋಪೋಶೀಟ್ ಎಂದು ರೂಢಿಯಲ್ಲಿರುವ ಈ ನಕ್ಷೆ ಏನನ್ನು ತಿಳಿಸುತ್ತದೆ, ಏನನ್ನು ತಿಳಿಸುವುದಿಲ್ಲ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

1. ಹಿನ್ನೆಲೆ

ಭಾರತೀಯ ಸರ್ವೇಕ್ಷಣಾ ಇಲಾಖೆಯು 1767ರಲ್ಲಿ ಸ್ಥಾಪನೆಯಾಯಿತು. 1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಕಾಲಿನ್ ಮೆಕೆಂಜಿಯವರ ನೇತೃತ್ವದಲ್ಲಿ ಮೈಸೂರು ಸಂಸ್ಥಾನದ ಮೋಜಣಿ ನಡೆಯಿತು. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಅವರು ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆದರು. ಅವರು ಕೈಗೊಂಡ ತ್ರಿಕೋನ ಮೋಜಣಿಯು ಮುಂದೆ ಹಿಮಾಲಯದವರೆಗೆ ವಿಸ್ತರಿಸಿತು.

2. ನಕ್ಷೆಯ ಹಾಳೆಗಳು

ಬೆಂಗಳೂರಿನ ಹಳೆಯ ಭಾಗವು ಮುಖ್ಯವಾಗಿ 57 ಜಿ/12 ಮತ್ತು 57 ಎಚ್/9 ಸಂಖ್ಯೆಯ ಎರಡು ಹಾಳೆಗಳಲ್ಲಿ ಹಂಚಿಹೋಗಿದೆ. ಇವೆರಡರ ನಡುವಿನ ಗಡಿಯಾದ 13 ಡಿಗ್ರಿ ಉತ್ತರ ಅಕ್ಷಾಂಶವು ಮಲ್ಲೇಶ್ವರದ ಮೇಲೆ ಹಾದುಹೋಗುತ್ತದೆ. ಬಸವನಗುಡಿ ಮತ್ತು ಚಾಮರಾಜಪೇಟೆ ದಕ್ಷಿಣದ ಹಾಳೆಯಲ್ಲಿವೆ.

3. ನಕ್ಷೆಯಿಂದ ತಿಳಿಯುವ ವಿಷಯಗಳು

ಸಮುದ್ರ ಮಟ್ಟದಿಂದ ಒಂದೇ ಎತ್ತರದಲ್ಲಿರುವ ಸ್ಥಳಗಳನ್ನು ಕೂಡಿಸುವ ಕಂದು ರೇಖೆಗಳು ನೆಲದ ಏರಿಳಿತವನ್ನೂ, ನೀಲಿ ಬಣ್ಣವು ಕೆರೆ ಹಾಗೂ ಹಳ್ಳಗಳನ್ನೂ ಸೂಚಿಸುತ್ತವೆ. ನಗರದ ನಡುವೆ ಉತ್ತರ-ದಕ್ಷಿಣವಾಗಿ ಸಾಗುವ ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆನೀರು ವೃಷಭಾವತಿಯ ಮೂಲಕ ಅರ್ಕಾವತಿಯನ್ನೂ, ಮುಂದೆ ಕಾವೇರಿಯನ್ನೂ ಸೇರುತ್ತದೆ. ಪೂರ್ವಕ್ಕೆ ಬಿದ್ದ ನೀರು ದಕ್ಷಿಣ ಪಿನಾಕಿನಿಯ ಕಡೆಗೆ ಹರಿಯುತ್ತದೆ. ಬಸವನಗುಡಿಯ ದೊಡ್ಡ ಬಸವಣ್ಣನ ದೇವಾಲಯದ ಬಳಿ ವೃಷಭಾವತಿಯ ಉಗಮವೆಂಬ ನಂಬಿಕೆಯಿದೆ.

ಕೆಂಪಾಂಬುಧಿ ಕೆರೆ ಹಾಗೂ 1882ರಲ್ಲಿ ನಿರ್ಮಾಣವಾದ ಸ್ಯಾಂಕಿ ಕೆರೆ ಇಂದಿಗೂ ಉಳಿದಿವೆ. ಧರ್ಮಾಂಬುಧಿ ಕೆರೆಯ ಅಂಗಳವು ಕೆಂಪೇಗೌಡ ಬಸ್ ನಿಲ್ದಾಣವಾಗಿದೆ. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಕೆರೆ ಮರೆಯಾದರೂ ನೆಲದ ಇಳಿಜಾರು ಬದಲಾಗುವುದಿಲ್ಲ. ಆದಕಾರಣ ನಿವೇಶನ ಕೊಳ್ಳುವ ಮುನ್ನ ಆ ಸ್ಥಳವು ಹಿಂದೆ ಕೆರೆಯ ಅಂಗಳ ಅಥವಾ ಹಳ್ಳದ ಪಾತ್ರವಾಗಿತ್ತೇ ಎಂದು ಅರಿಯಲು ಹಳೆಯ ನಕ್ಷೆಯು ಉಪಯುಕ್ತ. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 67ನೇ ಪ್ರಕರಣದಂತೆ, ಇತರರ ಸ್ವತ್ತಲ್ಲದ ಕೆರೆ, ಹಳ್ಳ ಮತ್ತು ನಾಲೆಗಳು ಸರ್ಕಾರದ ಸ್ವತ್ತಾಗಿರುತ್ತವೆ.

4. ನಕ್ಷೆಯಿಂದ ತಿಳಿಯದ ವಿಷಯಗಳು

ಒಂದು ಮೈಲಿಗೆ ಒಂದು ಅಂಗುಲ ಪ್ರಮಾಣದ ಹಳೆಯ ಹಾಳೆಯಲ್ಲಿ 30 ಅಡಿ ಅಗಲ, 40 ಅಡಿ ಉದ್ದದ ನಿವೇಶನದ ಯಾವ ಬದಿಯೂ ಮಿಲಿಮೀಟರಿನ ಐದನೇ ಒಂದು ಭಾಗದಷ್ಟೂ ಇರುವುದಿಲ್ಲ. ನಕ್ಷೆಯ ಒಂದು ಗೆರೆಯ ದಪ್ಪದಲ್ಲಿಯೇ ಇಡೀ ನಿವೇಶನ ಅಡಗಿಹೋಗುತ್ತದೆ. ಇದಲ್ಲದೆ, ಇಂತಹ ನಕ್ಷೆಯಲ್ಲಿ ಸರ್ವೆ ನಂಬರಾಗಲಿ, ಹಿಡುವಳಿದಾರರ ಹೆಸರಾಗಲಿ ಇರುವುದಿಲ್ಲ. ಆದ್ದರಿಂದ ಇದು ಮಾಲೀಕತ್ವಕ್ಕೆ ಅಥವಾ ಗಡಿ ನಿರ್ಣಯಕ್ಕೆ ಆಧಾರವಾಗಲಾರದು.

5. ಅರ್ಜಿದಾರರ ಗಮನಕ್ಕೆ

ಅ) ಸರ್ವೆ ನಂಬರಿನ ಗಡಿ ಹಾಗೂ ವಿಸ್ತೀರ್ಣ ತಿಳಿಯಲು ಗ್ರಾಮ ನಕ್ಷೆ, ಟಿಪ್ಪಣಿ ಮತ್ತು ಆಕಾರಬಂದ್ ಪ್ರತಿಗಳನ್ನು ಪಡೆಯುವುದು. ಖರಾಬು ವಿಸ್ತೀರ್ಣವನ್ನು ಆಕಾರಬಂದಿನಲ್ಲಿ ಪರಿಶೀಲಿಸುವುದು.

ಆ) ಜಮೀನಿನ ಗಡಿಯನ್ನು ಸ್ಥಳದಲ್ಲಿ ಗುರುತಿಸಬೇಕಾದಲ್ಲಿ ಹದ್ದುಬಸ್ತಿಗೆ ಅರ್ಜಿ ಸಲ್ಲಿಸುವುದು.

ಇ) ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರದಂತಹ ಹಳೆಯ ಬಡಾವಣೆಗಳ ಸ್ವತ್ತುಗಳಿಗೆ ನಗರ ಮಾಪನ ದಾಖಲೆ ಲಭ್ಯವಿದ್ದಲ್ಲಿ ಅದನ್ನು ನೋಂದಾಯಿತ ಪತ್ರಗಳೊಂದಿಗೆ ತಾಳೆ ನೋಡುವುದು.

ಈ) ಹಳೆಯ ಭೂಸ್ವರೂಪ ನಕ್ಷೆಯಲ್ಲಿ ಕೆರೆ ಅಥವಾ ಹಳ್ಳ ಕಂಡುಬಂದಲ್ಲಿ, ಅದೇ ಸ್ಥಳದ ಗ್ರಾಮ ನಕ್ಷೆಯನ್ನು ತಪ್ಪದೆ ಪರಿಶೀಲಿಸಿದ ನಂತರವೇ ಖರೀದಿ ವ್ಯವಹಾರದಲ್ಲಿ ಮುಂದುವರಿಯುವುದು ಸೂಕ್ತ.